ಬಾಯಿಬಡುಕನ ಪಿಪೆಟ್ಟು

ಸಾಬೂನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವನು ಹಿರಿಯ ರಸಾಯನಜ್ಞ. ಎದುರಿಗೆ ಎಲ್ಲರೂ ‘ಸರ್’ ಎನ್ನುತ್ತಿದ್ದರು. ಬೆನ್ನು ತಿರುಗಿದರೆ ‘ಬಾಯಿಬಡುಕ’. ಬಿಳಿ ಕೋಟು ತೊಟ್ಟ ಗಳಿಗೆಯಿಂದ ಕಳಚುವವರೆಗೆ ಆ ಬಾಯಿಗೆ ಬೀಗವಿರಲಿಲ್ಲ. ಸೂಕ್ಷ್ಮ ತಕ್ಕಡಿಯ ಮುಂದೆ ಕೂತರೆ ಅವನ ಮಾತಿನ ಗಾಳಿಗೇ ಅಂಕಿಗಳು ಕುಣಿಯುತ್ತಿದ್ದವು. ಕುಣಿತ ನಿಲ್ಲುವಷ್ಟು ತಾಳ್ಮೆಯೂ ಇಲ್ಲದೆ, ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡು ಎದ್ದುಬಿಡುತ್ತಿದ್ದ.

ಎಣ್ಣೆಯ ಹುಳಿಯನ್ನು ಅಳೆಯುವಾಗಲೂ ಅಷ್ಟೇ. ಬ್ಯುರೆಟ್ಟೆಂಬ, ತುದಿಯಲ್ಲಿ ತಿರುಪಿರುವ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು, ಇದೆಯೋ ಇಲ್ಲವೋ ಎಂಬಂಥ ತೆಳು ಗುಲಾಬಿ ಬಣ್ಣ ನಿಂತರೆ ಸಾಕು. ಅವನ ಫ್ಲಾಸ್ಕಿನಲ್ಲಿ ಮಾತ್ರ ಬೀಟ್‌ರೂಟ್ ಕಲಸಿದಂತಿರುತ್ತಿತ್ತು.

“ಸರ್, ಬಣ್ಣ ಜಾಸ್ತಿ ಆಯ್ತಲ್ಲ?” ಎಂದು ಕಿರಿಯ ರಸಾಯನಜ್ಞೆ ಒಮ್ಮೆ ಕೇಳಿದಳು.

“ಕಣ್ಣಿನ ಡಾಕ್ಟರಿಗೆ ತೋರಿಸ್ಕೊಳಮ್ಮ,” ಎಂದ.

ಎಲ್ಲಕ್ಕಿಂತ ದೊಡ್ಡ ಜಂಬ ಪಿಪೆಟ್ಟಿನದು. ದ್ರಾವಣವನ್ನು ಅಳೆದು ತೆಗೆಯುವ ಆ ಗಾಜಿನ ಕೊಳವೆಯ ತಲೆಗೆ ರಬ್ಬರ್ ಬುಗ್ಗೆ ಸಿಕ್ಕಿಸಿ ಎಳೆಯಬೇಕೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಇವನು ಬಾಯಿಂದಲೇ ಹೀರುತ್ತಿದ್ದ. “ಬಲೂನ್ ಹಿಡ್ಕೊಂಡು ಆಡೋಕೆ ನೀವೇನು ಮಕ್ಕಳಾ? ಕೈಲಾಗದೋರಿಗೆ ಇದೆಲ್ಲ!”

ಒಂದು ದಿನ ಸಾಬೂನು ಕೊಳ್ಳುವ ದೊಡ್ಡ ಕಂಪನಿಯವರು ಪ್ರಯೋಗಾಲಯ ನೋಡಲು ಬಂದರು. ಹೊಸ ಮುಖ ಕಂಡರೆ ಅವನಿಗೆ ಹಬ್ಬ. ಯಾರೂ ಕೇಳದಿದ್ದರೂ ಕಟುವಾದ ಕಾಸ್ಟಿಕ್ ದ್ರಾವಣದ ಬೀಕರಿನಲ್ಲಿ ಪಿಪೆಟ್ಟನ್ನು ಇಳಿಸಿ, “ನೋಡಿ, ಹಳೇ ಕೈ ಅಂದ್ರೆ ಇದು,” ಎಂದು ಹೀರತೊಡಗಿದ. ಅತಿಥಿಗಳು ಬೆರಗಾದರೋ ಇಲ್ಲವೋ ಎಂದು ನೋಡಲು ಕತ್ತು ಹೊರಳಿಸಿದ. ಪಿಪೆಟ್ಟಿನ ತುದಿ ದ್ರಾವಣದಿಂದ ಮೇಲೆದ್ದಿತು, ಗಾಳಿ ನುಗ್ಗಿತು, ಕೊಳವೆಯಲ್ಲಿದ್ದದ್ದೆಲ್ಲ ಚಿಮ್ಮಿ ಬಾಯೊಳಗೆ ಹೋಯಿತು.

ಕೈತೊಳೆಯುವ ತೊಟ್ಟಿ ಪಕ್ಕದಲ್ಲೇ ಇತ್ತು. ಉಗಿದಿದ್ದರೆ ಆಗಿತ್ತು. ಆದರೆ ಹೊರಗಿನವರೆದುರು ಉಗಿಯುವುದೇ? ತುಟಿ ಬಿಗಿದು, ಮುಗುಳ್ನಕ್ಕು, ತಲೆಯಾಡಿಸಿ, ಮದುವೆ ಮನೆಯ ಯಜಮಾನನ ಗತ್ತಿನಲ್ಲಿ ಬಾಗಿಲ ಕಡೆ ನಡೆದ. ಬಾಯೊಳಗೆ ಕೆಂಡ, ಕಣ್ಣಲ್ಲಿ ಧಾರಾಕಾರ ನೀರು, ನಡಿಗೆ ಮಾತ್ರ ಠೀವಿಯದು.

ಕಿರಿಯವಳು ಹಿಂದೆಯೇ ಓಡಿದಳು. “ಉಗೀರಿ ಸರ್! ಅಯ್ಯೋ, ಉಗೀರಿ!” ಎಂದು ಕೋಟು ಹಿಡಿದು ಪಡಸಾಲೆಯ ನಲ್ಲಿಗೆ ಎಳೆದೊಯ್ದಳು. ಅಷ್ಟರಲ್ಲಿ ನಾಲಗೆ, ಕೆನ್ನೆಯ ಒಳಭಾಗವೆಲ್ಲ ಬೆಂದು ಬಿಳಿಚಿದ್ದವು.

ಆಸ್ಪತ್ರೆಯಲ್ಲಿ ಮಲಗಿದವನಿಗೆ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಮರ್ಯಾದೆಯ ಚಿಂತೆ. ಅತಿಥಿಗಳಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡ. ಜಟ್ಟಿ ಬಿದ್ದಿದ್ದ, ಮೀಸೆ ಮಣ್ಣಾಗಿರಲಿಲ್ಲವಂತೆ! ಅವನ ತುಟಿಯಂಚಿನ ನೊರೆಯನ್ನು ಅತಿಥಿಗಳೆಲ್ಲ ಕಣ್ಣಾರೆ ಕಂಡಿದ್ದರು.

ನೋಡಲು ಬಂದ ಮ್ಯಾನೇಜರಿಗೆ, ಕಿರಿಯವಳು ಬೀಕರನ್ನು ಅರ್ಧವೂ ತುಂಬಿಟ್ಟಿರಲಿಲ್ಲ, ತಪ್ಪು ಅವಳದೇ ಎಂದು ಕೈಸನ್ನೆಯಲ್ಲಿ ತಿಳಿಸಿದ. ಕುಣಿಯಲಾರದವರಿಗೆ ನೆಲ ಯಾವತ್ತೂ ಡೊಂಕೇ. ಮ್ಯಾನೇಜರ್ ಅವಳನ್ನು ಕರೆಸಿ ಕೇಳಿದರು: “ನೀವು ಸರಿಯಾಗಿ ತುಂಬಿರ್ಲಿಲ್ವಂತೆ?”

“ತುಂಬಿದ್ದೆ ಸರ್. ಅವರ ಮೂತಿ ಪಿಪೆಟ್ ಮೇಲಿತ್ತು, ಕಣ್ಣು ಅತಿಥಿಗಳ ಮೇಲಿತ್ತು.”

ಮ್ಯಾನೇಜರ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು.

ಗಾಯ ಮಾಯುವವರೆಗೆ ಮನೆಯಲ್ಲೂ ಅವನು ಮೂಗನೇ. ಹೆಂಡತಿ ತಣ್ಣಗಿನ ಹಾಲು ಕುಡಿಸುತ್ತ, ಮದುವೆಯಾದ ಮೇಲೆ ಮೊದಲ ಸಲ ರೇಡಿಯೋದಲ್ಲಿ ಒಂದು ಹಾಡನ್ನು ಪೂರ್ತಿ ಕೇಳಿದಳು.

ಗುಣವಾಗಿ ಕೆಲಸಕ್ಕೆ ಮರಳಿದಾಗ, ಸುಟ್ಟುಕೊಂಡವನಿಗೇ ಬುದ್ಧಿ ಬಂದಿರುತ್ತದೆಂದು ಭಾವಿಸಿದ ಕಾರ್ಖಾನೆ ಅವನನ್ನೇ ಸುರಕ್ಷತೆಯ ಮುಖ್ಯಸ್ಥನನ್ನಾಗಿ ಮಾಡಿತು. ಬುದ್ಧಿ ಬಂದಿರಲಿಲ್ಲ, ಮಾತು ಬಂದಿತ್ತು. “ರಬ್ಬರ್ ಬುಗ್ಗೆ ಕಡ್ಡಾಯ ಮಾಡಿದ್ದೇ ನಾನು” ಎಂದು ಹೊಸಬರಿಗೆ ಭಾಷಣ ಬಿಗಿಯತೊಡಗಿದ. ಕಿರಿಯವಳು ಪಕ್ಕದಲ್ಲೇ ನಿಂತು ಫ್ಲಾಸ್ಕ್ ಅಲುಗಾಡಿಸುತ್ತಿದ್ದಳು. ಅವಳ ಕಣ್ಣು ತಪ್ಪಿಸುವಷ್ಟು ನಾಚಿಕೆಯೂ ಅವನಿಗಿರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ: ನಾಲಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಅನುಮಾನವಿತ್ತು. ಒಂದು ಮಧ್ಯಾಹ್ನ ಬೇಕೆಂದೇ ಅವನ ಪಾಲಿನ ಪಲ್ಯವನ್ನು ಬೇರೆ ಮಾಡಿ ಬಡಿಸಿ, ಎದುರಿಗೇ ಕೂತಳು.

ಎರಡು ತುತ್ತು ನುಂಗಿ ಅವನು ಮುಖ ಸಿಂಡರಿಸಿದ. “ಉಪ್ಪು ಜಾಸ್ತಿ. ಇಷ್ಟು ವರ್ಷ ಆದ್ರೂ ಅಂದಾಜು ಬರ್ಲಿಲ್ಲ ನಿಂಗೆ.”

“ಉಪ್ಪೇ ಹಾಕಿಲ್ಲ ರೀ.”

ಅವನು ಇನ್ನೊಂದು ತುತ್ತು ಕಲಸಿಕೊಂಡ.

“ಅದನ್ನೇ ನಾನು ಹೇಳಿದ್ದು,” ಎಂದು ಊಟ ಮುಂದುವರಿಸಿದ.