ಗುಳ್ಳೆರಾಯ ಗುಳ್ಳೆ ಊದದ ದಿನ

ಗುಳ್ಳೆರಾಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಯಾವ ಹೆತ್ತವರಿಗೆ ತಾನೇ ಅಂಥ ಬುದ್ಧಿ ಬರುತ್ತದೆ, ಹೇಳಿ. ಅದು ಬೀದಿಯವರು ಇಟ್ಟ ಹೆಸರು. ಬೀದಿಯವರು ಒಮ್ಮೆ ಹೆಸರಿಟ್ಟರೆ ಮುಗಿಯಿತು, ಕೋಪ ಬಂದಾಗ ಹೆಂಡತಿಯೂ ಅದನ್ನೇ ಹಿಡಿದು ಕರೆಯುತ್ತಾಳೆ. ಅವನ ಕೆಲಸ ಮನೆಗಳಿಗೂ ಅಂಗಡಿಗಳಿಗೂ ಗ್ಯಾಸ್ ಮೀಟರ್ ಕೂರಿಸುವುದು. ಬೀದಿಯ ಕೆಳಗಿನ ಪೈಪಿನಿಂದ ಒಲೆಗೆ ಗ್ಯಾಸು ಬರುವ ದಾರಿಯಲ್ಲಿ, ಗೋಡೆಯ ಮೇಲೆ ಬೂದುಬಣ್ಣದ ಡಬ್ಬಿಯೊಂದು ಮುಖ ಗಂಟಿಕ್ಕಿಕೊಂಡು ಕೂತಿರುತ್ತದಲ್ಲ, ಅದನ್ನು ಕೂರಿಸುವವನು ಇವನೇ.

ಅವನ ಚೀಲದಲ್ಲಿ ಎರಡು ಸ್ಪ್ಯಾನರ್, ಬಿಳಿ ಟೇಪಿನ ಸುರುಳಿ, ಒಂದಿಷ್ಟು ವಾಷರ್, ಒಂದು ಬ್ರಷ್ಷು ಮತ್ತು ಸೋಪುನೀರಿನ ಬಾಟಲಿ ಇರುತ್ತಿದ್ದವು. ಮೀಟರ್ ಕೂರಿಸಿದ ಮೇಲೆ ಗ್ಯಾಸು ಬಿಟ್ಟು, ಪೈಪಿನ ಪ್ರತಿ ಜೋಡಣೆಗೂ ಸೋಪುನೀರು ಸವರಬೇಕು. ಎಲ್ಲಾದರೂ ಗ್ಯಾಸು ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ, ಇಲ್ಲವಾದರೆ ಏಳುವುದಿಲ್ಲ. ಇಷ್ಟನ್ನು ಆ ಕಸುಬಿನ ಎಲ್ಲರೂ ಮಾಡುತ್ತಾರೆ. ಇವನೊಬ್ಬನೇ ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು. ಪೈಪನ್ನು ಮುಟ್ಟುವ ಮೊದಲು, ತಂತಿ ಬಗ್ಗಿಸಿ ಮಾಡಿಕೊಂಡ ಒಂದು ಬಳೆಯನ್ನು ಸೋಪುನೀರಿಗೆ ಅದ್ದಿ, ನರೆತ ಮೀಸೆಯ ಕೆಳಗೆ ತುಟಿ ಚೂಪು ಮಾಡಿ, ಗಾಳಿಗೆ ಒಂದು ಗುಳ್ಳೆ ಊದುತ್ತಿದ್ದ. ಜೊತೆಯ ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿ ಬಿಡಿ. ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಗುಳ್ಳೆ ಏಳದಿದ್ದರೆ ಪೈಪು ಚೆನ್ನಾಗಿದೆ ಎಂದು ನಾವು ನಂಬುತ್ತೇವೆ, ಆದರೆ ಸೋಪೇ ಸತ್ತಿದ್ದರೂ ಗುಳ್ಳೆ ಏಳುವುದಿಲ್ಲವಲ್ಲ? ಅದಕ್ಕೇ ಮೊದಲು ಸೋಪಿಗೆ ಪರೀಕ್ಷೆ, ಆಮೇಲೆ ಪೈಪಿಗೆ ಎನ್ನುತ್ತಿದ್ದ.

ಕೆಲಸದ ವಿಷಯದಲ್ಲಿ ಅವನು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಹೋಟೆಲಿನವನೊಬ್ಬ ಮೀಟರನ್ನು ಫ್ರಿಜ್ಜಿನ ಹಿಂದೆ ತುರುಕು ಎಂದಾಗ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದ. ಇನ್ನೊಬ್ಬ ಮನೆಯ ಯಜಮಾನ, ಸೋರಿಕೆ ನೋಡಲು ಸೋಪು ಯಾಕೆ, ನನ್ನ ಮೂಗಿದೆಯಲ್ಲ ಎಂದು ಪೈಪಿಗೆ ಮೂಗು ಹಚ್ಚಿ ನಿಂತ. ಆ ಪುಣ್ಯಾತ್ಮನಿಗೆ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿಹೋಗಿತ್ತು. ಒಬ್ಬ ಅಜ್ಜಿಯಂತೂ ಚಳಿಗೆ ಮೀಟರ್ ನಡುಗುತ್ತದೆಂದು ಅದಕ್ಕೆ ಉಣ್ಣೆಯ ಟೋಪಿ ಹೆಣೆದು ತೊಡಿಸಿದ್ದಳು. ಅದನ್ನು ಬಿಚ್ಚಿಸುವಷ್ಟರಲ್ಲಿ ಅವನಿಗೆ ಸಾಕುಬೇಕಾಗಿತ್ತು.

ಇಂಥ ಗುಳ್ಳೆರಾಯನಿಗೆ ಗ್ಯಾಸಿನ ಭಯ ಇರಲಿಲ್ಲ, ಎಚ್ಚರ ಇತ್ತು. ಭಯ ಇದ್ದದ್ದು ಅತ್ತೆಯದು. ಹೆಂಡತಿಯ ತಾಯಿ. ಗ್ಯಾಸಾದರೆ ಬರುವ ಮೊದಲು ವಾಸನೆ ಕೊಟ್ಟಾದರೂ ಬರುತ್ತದೆ, ಅತ್ತೆ ಆ ಸೌಜನ್ಯವನ್ನೂ ತೋರಿಸುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವನು ಆಕೆಗೆ ಒಂದೇ ಒಂದು ಮಾತು ಎದುರಾಡಿದವನಲ್ಲ. ಆಕೆ ಉಪ್ಪು ಸಿಹಿ ಎಂದರೆ ಇವನು ಹೌದು ಅತ್ತೆ, ಸ್ವಲ್ಪ ಜಾಸ್ತಿಯೇ ಸಿಹಿ ಎನ್ನುತ್ತಿದ್ದ. ಅಳಿಯನ ಕೆಲಸದ ಬಗ್ಗೆ ಕೇಳಿದವರಿಗೆ ಆಕೆ, ಏನೋ ಸೋಪು ಗೀಪು ಹಚ್ಚುತ್ತಾರೆ ಎಂದು ಮೂಗು ಮುರಿಯುತ್ತಿದ್ದಳು.

ಮಾವನ ಕಥೆ ಇನ್ನೂ ಚೆಂದ. ಮಾವ ಮಾತಾಡುತ್ತಲೇ ಇರಲಿಲ್ಲ. ಹೂಂ ಎನ್ನುವುದು, ಊಹೂಂ ಎನ್ನುವುದು, ಅಷ್ಟೇ, ಅದರಲ್ಲೂ ಊಹೂಂ ಅನ್ನುವ ಸಂದರ್ಭ ಬಂದದ್ದು ಯಾರಿಗೂ ನೆನಪಿಲ್ಲ. ಆದರೆ ಅವರ ಮನೆಗೆ ಗುಳ್ಳೆರಾಯ ಮೀಟರ್ ಕೂರಿಸಿದ ದಿನ, ಅವನು ಊದಿದ ಗುಳ್ಳೆ ಕಿಟಕಿ ದಾಟಿ ಪಕ್ಕದವರ ಒಣಹಾಕಿದ ಬಟ್ಟೆಗಳ ಮೇಲೆ ತೇಲಿಹೋದದ್ದನ್ನು ಮಾವ ಬಾಯಿ ತೆರೆದುಕೊಂಡು ನೋಡಿದ್ದರು. ಅಂದಿನಿಂದ ಅಳಿಯ ಎಲ್ಲಾದರೂ ಹತ್ತಿರದಲ್ಲಿ ಕೆಲಸಕ್ಕೆ ಹೋದರೆ, ವಾಕಿಂಗ್ ನೆಪದಲ್ಲಿ ಅಲ್ಲಿಗೆ ಬಂದು, ಗುಳ್ಳೆ ಹಾರುವುದನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದರು. ಇದು ಅತ್ತೆಗೆ ಗೊತ್ತಿರಲಿಲ್ಲ.

ಈಗ ಅಸಲು ವಿಷಯ. ಅತ್ತೆಗೆ ಒಂದು ಆಸೆ ಇತ್ತು, ತನ್ನದೇ ಒಂದು ಬೇಕರಿ. ಜೀವಮಾನವಿಡೀ ಪುಟ್ಟ ಓವನ್ನಿನಲ್ಲಿ ನೆರೆಹೊರೆಯವರಿಗೆ ಬನ್ನು, ಬಿಸ್ಕತ್ತು ಮಾಡಿಕೊಟ್ಟ ಹೆಂಗಸು ಆಕೆ. ಬಾಯಿ ಜೋರಿರಬಹುದು, ಕೈ ಮಾತ್ರ ಬಂಗಾರ. ಕೊನೆಗೂ ಬೀದಿಯ ತಿರುವಿನಲ್ಲಿ ಒಂದು ಅಂಗಡಿ ಸಿಕ್ಕಿತು. ಗಾಜಿನ ಶೋಕೇಸು ಬಂತು, ಆಳೆತ್ತರದ ಗ್ಯಾಸ್ ಓವನ್ ಬಂತು, ಗೋಡೆಗೆ ಹಳದಿ ಬಣ್ಣ ಬಂತು. ಬಾರದೆ ಉಳಿದದ್ದು ಮೀಟರ್ ಒಂದೇ. ಅದು ಹಿಂದಿನ ವಾರವೇ ಗೋಡೆ ಏರಬೇಕಿತ್ತು. ಆದರೆ ಅತ್ತೆಗೆ ಆ ಬೂದು ಡಬ್ಬಿ ಕಣ್ಣಿಗೆ ಕಾಣಬಾರದು. ಕೌಂಟರಿನ ಕೆಳಗಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಎಂದಳು. ಅಲ್ಲಿ ಗಾಳಿ ಆಡುವುದಿಲ್ಲ ಅತ್ತೆ ಎಂದು ಇವನು ಹೆದರಿ ಹೆದರಿ ಹೇಳಿದ. ಹಾಗಾದರೆ ಸ್ವಿಚ್‌ಬೋರ್ಡಿನ ಪಕ್ಕ ಎಂದಳು. ಅಲ್ಲಿ ಕಿಡಿ ಹಾರಬಹುದು ಎಂದ. ಹಾಗಾದರೆ ನನ್ನ ಕುತ್ತಿಗೆಗೇ ನೇತುಹಾಕಿ ಎಂದು ಆಕೆ ಸಿಡುಕಿದಳು. ಈ ಹಗ್ಗಜಗ್ಗಾಟ ಮುಗಿದು, ಹಿಂಬಾಗಿಲ ಪಕ್ಕದ ಕಿಟಕಿಯ ಕೆಳಗೆ ಎಂದು ತೀರ್ಮಾನವಾಗುವಾಗ ಅಂಗಡಿ ತೆರೆಯುವ ದಿನವೇ ಬಂದುಬಿಟ್ಟಿತ್ತು. ಜಾಗ ಬಿಟ್ಟುಕೊಟ್ಟಿದ್ದಕ್ಕೆ ಅತ್ತೆ ಒಂದು ಷರತ್ತು ಹಾಕಿದಳು.

“ನಾಲ್ಕು ಜನ ದೊಡ್ಡೋರು ಬರ್ತಾರೆ ಇವತ್ತು. ಅವರ ಮುಂದೆ ಮೀಸೆ ಹೊತ್ಕೊಂಡು ಗುಳ್ಳೆ ಊದೋ ಮಂಗನಾಟ ಬೇಡ. ನನ್ನ ಮರ್ಯಾದೆ ಹೋಗತ್ತೆ.”

ಯಾರ ಮುಲಾಜಿಗೂ ಬೀಳದ ನಮ್ಮ ಗುಳ್ಳೆರಾಯ, ಆಗಲಿ ಅತ್ತೆ ಎಂದುಬಿಟ್ಟ. ಅಂದು ಅವನ ಬೆನ್ನುಮೂಳೆ ಎಲ್ಲಿ ಹೋಗಿತ್ತೋ ಏನೋ.

ಬೆಳಿಗ್ಗೆ ಮೀಟರನ್ನು ಗೋಡೆಗೆ ಬಿಗಿದು, ಗ್ಯಾಸು ಒಳಬರುವ ಕಡೆಯ ನಟ್ಟಿಗೆ ವಾಷರ್ ಇಟ್ಟು, ಕೈಯಲ್ಲಿ ತಿರುಗಿಸಿ ಕೂರಿಸಿದ. ಇನ್ನೇನು ಸ್ಪ್ಯಾನರ್ ಹಚ್ಚಬೇಕು, ಅಷ್ಟರಲ್ಲಿ ಮುಂದಿನಿಂದ ಅತ್ತೆಯ ಕರೆ ಬಂತು. ಅಂಗಡಿಯ ಬೋರ್ಡು ಸೊಟ್ಟಗಿದೆಯಂತೆ. ಇವನು ಏಣಿ ಹತ್ತಿ ಎಡಕ್ಕೆ ಎಳೆದ, ಅತಿಯಾಯಿತು ಎಂದಳು. ಬಲಕ್ಕೆ ಎಳೆದ, ಮೊದಲಿದ್ದದ್ದೇ ಚೆನ್ನಾಗಿತ್ತು ಎಂದಳು. ಬೋರ್ಡು ಮತ್ತೆ ಮೊದಲಿನಷ್ಟೇ ಸೊಟ್ಟಗಾದ ಮೇಲೆ ಆಕೆಗೆ ಸಮಾಧಾನವಾಯಿತು. ಮೊಣಕೈಗೆ ಹಳದಿ ಬಣ್ಣ ಮೆತ್ತಿಕೊಂಡು ವಾಪಸು ಬಂದವನು ಇನ್ನೊಂದು ಕಡೆಯ ನಟ್ಟನ್ನು ಗಟ್ಟಿಯಾಗಿ ಬಿಗಿದ, ಮೊದಲಿನದನ್ನು ಬಿಗಿದಾಗಿದೆ ಎಂದುಕೊಂಡ.

ಆಮೇಲೆ ಪರೀಕ್ಷೆ. ಕಿಟಕಿ, ಬಾಗಿಲು ತೆರೆದ, ಗ್ಯಾಸು ಬಿಟ್ಟ, ಬಾಟಲಿ ತೆಗೆದ. ಕೈ ತಾನಾಗಿಯೇ ತಂತಿಯ ಬಳೆಗೆ ಹೋಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ. ಬಳೆ ಚೀಲಕ್ಕೆ ವಾಪಸಾಯಿತು. ನೇರವಾಗಿ ಬ್ರಷ್ಷಿನಿಂದ ಎಲ್ಲ ಜೋಡಣೆಗೂ ಸವರಿದ. ಎಲ್ಲಿಯೂ ಒಂದು ಗುಳ್ಳೆಯಿಲ್ಲ. ಹೊಸ ಬಣ್ಣದ ಘಾಟಿಗೆ ಮೂಗು ಆಗಲೇ ಕೈಕೊಟ್ಟಿತ್ತು, ಬೇರೆ ವಾಸನೆ ಗೊತ್ತಾಗುವ ಹಾಗೇ ಇರಲಿಲ್ಲ. ಗ್ಯಾಸಿನ ವಾಲ್ವ್ ಮುಚ್ಚಿ, ಎಲ್ಲ ಸರಿಯಾಗಿದೆ ಅತ್ತೆ ಎಂದ.

ಮಧ್ಯಾಹ್ನದ ಹೊತ್ತಿಗೆ ಅಂಗಡಿ ತುಂಬಿತು. ಅಕ್ಕಪಕ್ಕದ ಅಂಗಡಿಯವರು, ಅತ್ತೆಯ ಓರಗಿತ್ತಿಯರು, ಶೋಕೇಸು ಕೊಟ್ಟ ಬಡಗಿ, ಪುಕ್ಕಟೆ ಬನ್ನು ಸಿಗುತ್ತದೆಂದು ಮೂಸಿಕೊಂಡು ಬಂದ ಇನ್ನೂ ಕೆಲವರು. ತಟ್ಟೆಗಳಲ್ಲಿ ನಾದಿಟ್ಟ ಹಿಟ್ಟಿನ ಉಂಡೆಗಳು ಉಬ್ಬಿ ಕಾಯುತ್ತಿದ್ದವು. ಅತ್ತೆ ಹೊಸ ಸೀರೆಯುಟ್ಟು, ಲೈಟರ್ ಹಿಡಿದು ಓವನ್ನಿನ ಮುಂದೆ ನಿಂತಳು. ಗುಳ್ಳೆರಾಯ ಮೀಟರಿನ ಪಕ್ಕ ವಾಲ್ವಿನ ಮೇಲೆ ಕೈಯಿಟ್ಟು ನಿಂತ. ಬಿಡಿ ಗ್ಯಾಸು ಎಂದು ಆಕೆ ಗತ್ತಿನಿಂದ ಕಣ್ಣಲ್ಲೇ ಅಪ್ಪಣೆ ಕೊಟ್ಟಳು.

ಆಗ ಅವನ ಅಂಗಿಯ ತೋಳನ್ನು ಯಾರೋ ಹಿಂದಿನಿಂದ ಜಗ್ಗಿದರು. ತಿರುಗಿದರೆ ಮಾವ. ಬೆಳಗಿನಿಂದ ಹಿಂಬಾಗಿಲಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದ ಮನುಷ್ಯ. ಮುಖ ಬಾಡಿಹೋಗಿತ್ತು.

“ಅಳಿಯಂದ್ರೇ, ಇವತ್ತು ಗುಳ್ಳೆ ಊದಲೇ ಇಲ್ವಲ್ಲ?”

ಮಾವ ಕೇಳಿದ್ದು ಬರೀ ಆಸೆಗೆ. ಅವರಿಗೆ ಪೈಪೂ ಗೊತ್ತಿಲ್ಲ, ವಾಷರೂ ಗೊತ್ತಿಲ್ಲ. ಆದರೆ ಗುಳ್ಳೆರಾಯನ ಕಣ್ಣು ಚೀಲದ ಕಡೆ ಹೋಯಿತು. ಹೌದಲ್ಲ. ಊದಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಸೋಪನ್ನು ನೋಡದೆ ಪೈಪನ್ನು ನೋಡಿದ್ದೇನೆ. ವಾಲ್ವಿನಿಂದ ಕೈ ತೆಗೆದು, ಬಳೆಯನ್ನು ಬಾಟಲಿಗೆ ಅದ್ದಿ, ಎಲ್ಲರೆದುರಿಗೆ ಊದಿದ. ಬಳೆಯಿಂದ ಒಂದು ಹನಿ ಅವನ ಚಪ್ಪಲಿಯ ಮೇಲೆ ಬಿತ್ತು. ಮತ್ತೆ ಊದಿದ. ಇನ್ನೊಂದು ಹನಿ ಬಿತ್ತು. ಗುಳ್ಳೆಯ ಸುಳಿವೇ ಇಲ್ಲ. ಬಾಟಲಿಯಲ್ಲಿದ್ದದ್ದು ಬರೀ ನೀರು.

ಒಂದು ಕಡೆ ಅತ್ತೆ, ಅವಳ ಹಿಂದೆ ನೆಂಟರಿಷ್ಟರು, ಅವಳ ಜೀವಮಾನದ ಆಸೆ. ಇನ್ನೊಂದು ಕಡೆ ಪರೀಕ್ಷೆಯಾಗದ ಮೀಟರ್. ಈಗ ಸುಮ್ಮನಿದ್ದರೆ ಏನೂ ಆಗದೆಯೂ ಇರಬಹುದು. ಆದರೆ ಆಗಿಬಿಟ್ಟರೆ? ಆ ಮುದುಕಿ ಕೈಯಲ್ಲಿ ಲೈಟರ್ ಹಿಡಿದು ನಿಂತಿದ್ದಾಳೆ. ಬೈದರೂ ಬಡಿದರೂ ಅವಳು ತನ್ನ ಅತ್ತೆ, ಅವಳಿಗೆ ಏನಾದರೂ ಆದರೆ ತಾನು ಹೆಂಡತಿಗೆ ಮುಖ ತೋರಿಸುವುದು ಹೇಗೆ ಎಂದು ಅವನಿಗೆ ಅಳುವೇ ಬಂದಂತಾಯಿತು. ಅತ್ತೆಯ ಕಡೆ ತಿರುಗಿದ.

“ಒಲೆ ಹಚ್ಚೋ ಹಾಗಿಲ್ಲ. ಎಲ್ರೂ ಹೊರಗೆ ನಡೀರಿ. ನೀವೂ ಅತ್ತೆ, ಲೈಟರ್ ಅಲ್ಲೇ ಇಟ್ಟು ನಡೀರಿ.”

ಅತ್ತೆ ಕಣ್ಣು ಕೆಂಪಗೆ ಮಾಡಿ, ನನ್ನ ಅಂಗಡಿಯಲ್ಲಿ ನನಗೇ ಹೊರಗೆ ನಡಿ ಅನ್ನುವವರು ನೀವ್ಯಾರು ಎಂದು ಕೇಳಿದಳು. ಮೀಟರ್ ಕೂರಿಸಿದವನು ಎಂದು ಇವನು ಹೇಳಿದ. ಅಷ್ಟೇ ಹೇಳಿದ, ಆದರೆ ಕಣ್ಣು ತಗ್ಗಿಸದೆ ಹೇಳಿದ. ಅತ್ತೆ ಹೊರಗೆ ಹೋದದ್ದು ಒಪ್ಪಿ ಅಲ್ಲ. ಅಳಿಯನ ಬಾಯಲ್ಲಿ ಇಂಥ ಮಾತು ಬಂದ ಆಶ್ಚರ್ಯಕ್ಕೆ ಅವಳ ಕಾಲುಗಳೇ ನಡೆದುಕೊಂಡು ಹೋದವು.

ಬೀದಿಯಲ್ಲಿ ನೆಂಟರೆಲ್ಲ ಸಾಲಾಗಿ ನಿಂತರು. ಗುಳ್ಳೆರಾಯ ಹೊಸ್ತಿಲ ಮೇಲೆ ಬಾಟಲಿ ಎತ್ತಿ ಹಿಡಿದು, ಇದರಲ್ಲಿದ್ದ ಸೋಪು ಯಾರು ತೆಗೆದರು ಎಂದು ಕೇಳಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಮಾತ್ರ ತನ್ನ ಸೊಟ್ಟ ಬೋರ್ಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಆಮೇಲೆ ಸೆರಗಿನ ತುದಿ ತಿರುಚುತ್ತಾ ಬಾಯಿ ಬಿಟ್ಟಳು. ಶೋಕೇಸಿನ ಗಾಜಿಗೆ ಯಾರೋ ಬೆರಳೊತ್ತಿದ್ದರು, ಒರೆಸಲು ಸೋಪಿರಲಿಲ್ಲ, ಬೆಳಿಗ್ಗೆ ಅಳಿಯ ಇನ್ನೂ ಏಣಿಯ ಮೇಲೆ ಬೋರ್ಡು ಬಿಗಿಯುತ್ತಿದ್ದಾಗ ಒಳಗೆ ಬಂದವಳಿಗೆ ಚೀಲದಲ್ಲಿ ಬಾಟಲಿ ಕಂಡಿತು. ಎಲ್ಲ ಸುರಿದು ಗಾಜು ಒರೆಸಿದಳು. ಖಾಲಿ ಬಾಟಲಿ ಇಟ್ಟರೆ ಚೆನ್ನಾಗಿರುವುದಿಲ್ಲವೆಂದು ನಲ್ಲಿನೀರು ತುಂಬಿಸಿಟ್ಟಳು.

“ಸೋಪ್‌ನೀರೂ ನೀರ್ ತಾನೇ ಅಂತ ಅಂದ್ಕೊಂಡೆ,” ಎಂದಳು, ತೀರಾ ಸಣ್ಣ ದನಿಯಲ್ಲಿ.

ಪಕ್ಕದ ಅಂಗಡಿಯಿಂದ ಪಾತ್ರೆ ತೊಳೆಯುವ ಸೋಪು ಬಂತು. ಗುಳ್ಳೆರಾಯ ಅದನ್ನು ಹದವಾಗಿ ಕಲಸಿ ಬಳೆ ಅದ್ದಿ ಊದಿದ. ದಪ್ಪನೆಯ ಗುಳ್ಳೆಯೊಂದು ಬೀದಿಯ ಮೇಲೆ ತೇಲಿತು. ಮಾವನ ಮುಖ ಅರಳಿತು. ಇವನು ಒಳಗೆ ಹೋಗಿ, ಗ್ಯಾಸು ಸ್ವಲ್ಪವೇ ಬಿಟ್ಟು ಬ್ರಷ್ಷು ಸವರಿದ. ಒಳಬರುವ ಕಡೆಯ ನಟ್ಟಿನ ಸುತ್ತ ಮೊದಲು ಸಾಸಿವೆಯಷ್ಟು, ಆಮೇಲೆ ಬಟಾಣಿಯಷ್ಟು, ನೋಡನೋಡುತ್ತ ನಿಂಬೆಹಣ್ಣಿನಷ್ಟು ದಪ್ಪ ಗುಳ್ಳೆ ಎದ್ದು ಟಪ್ಪೆಂದು ಒಡೆಯಿತು. ಹಿಂದೆಯೇ ಇನ್ನೊಂದು ಎದ್ದಿತು. ತಕ್ಷಣ ವಾಲ್ವ್ ಮುಚ್ಚಿದ. ಅಷ್ಟರಲ್ಲಿ ಹಿಂಬಾಗಿಲ ಕಡೆಗೆ ಸುತ್ತಿ ಬಂದು ಹೊರಗಿನಿಂದಲೇ ಕಿಟಕಿಯಲ್ಲಿ ಇಣುಕುತ್ತಿದ್ದ ಅತ್ತೆ ಅದನ್ನು ನೋಡಿದಳು. ಆಕೆಯ ಮುಖ ಮೈದಾಹಿಟ್ಟಿನಂತೆ ಬೆಳ್ಳಗಾಗಿತ್ತು.

ಬಿಗಿಯದ ನಟ್ಟು ತನ್ನದೇ ತಪ್ಪು ಎಂದು ಗುಳ್ಳೆರಾಯ ಕಿಟಕಿಯ ಆಚೆಗೆ ಕೇಳುವಂತೆ ಹೇಳಿದ. ಸ್ಪ್ಯಾನರ್ ಹಚ್ಚಿ ಈ ಸಲ ನಿಜವಾಗಿಯೂ ಬಿಗಿದ. ಸೋಪು ಸವರಿ, ಗ್ಯಾಸು ಬಿಟ್ಟು ಕಾದ. ಕಾದು ಕಾದು ಇನ್ನೊಮ್ಮೆ ಸವರಿದ. ಗುಳ್ಳೆ ಏಳಲಿಲ್ಲ. ಇಷ್ಟರಲ್ಲಿ ತಟ್ಟೆಯ ಹಿಟ್ಟು ಕಾಯುವುದನ್ನು ಬಿಟ್ಟು, ಉಕ್ಕಿ ಅಂಚು ದಾಟಿ, ಮೇಜಿನ ಮೇಲೆ ಕಾಲು ಚಾಚಿತ್ತು. ನೆಂಟರು ಹಸಿವಿನಿಂದ ಗೊಣಗುತ್ತಿದ್ದರು. ಈಗ ಬನ್ನಿ ಅತ್ತೆ, ಹಚ್ಚಬಹುದು ಎಂದು ಕರೆದ.

ಅತ್ತೆ ಒಳಗೆ ಬಂದಳು. ಲೈಟರಿಗೆ ಕೈ ಹಾಕಲಿಲ್ಲ. ನೇರವಾಗಿ ಅಳಿಯನ ಮುಂದೆ ಬಂದು ಕೈ ಚಾಚಿದಳು.

“ಆ ಬಳೆ ಕೊಡಿ ಇಲ್ಲಿ. ಒಂದ್ಸಲ ಬಿಟ್ಟಿದ್ದೀರಿ ನೀವು, ನಿಮ್ಮನ್ನ ನಂಬ್ಕೊಂಡು ಕೂರಕ್ಕಾಗಲ್ಲ. ಸೋಪು ನಾನೇ ನೋಡ್ತೀನಿ.”

ಹೊಸ ಸೀರೆಯುಟ್ಟ ಅತ್ತೆ, ದೊಡ್ಡವರೆನಿಸಿಕೊಂಡ ಅಷ್ಟೂ ಜನ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಕೆನ್ನೆ ಉಬ್ಬಿಸಿ ಊದಿದಳು. ಮೊದಲನೆಯದು ಒಡೆಯಿತು. ಎರಡನೆಯದು ಎದ್ದು, ಅಲ್ಲೇ ಒಂದು ಸುತ್ತು ಸುತ್ತಿ, ಬೇರೆಲ್ಲೂ ಹೋಗದೆ ಅವಳ ಮೂಗಿನ ತುದಿಯ ಮೇಲೆ ಕೂತಿತು. ನಗುವ ಧೈರ್ಯ ಯಾರಿಗೂ ಇಲ್ಲ. ಬಡಗಿ ಕೆಮ್ಮಿದಂತೆ ಮಾಡಿದ. ಗುಳ್ಳೆರಾಯ ಮೀಟರಿನ ಅಂಕಿಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ. ಗುಳ್ಳೆ ಒಡೆಯಿತು. ಅತ್ತೆ ಮೂಗೊರೆಸಿಕೊಂಡು, ಸೋಪು ಸರಿಯಾಗಿದೆ, ಇನ್ನು ಪೈಪು ನೋಡಿ ಎಂದು ಅಳಿಯನಿಗೆ ಅಪ್ಪಣೆ ಕೊಟ್ಟಳು. ಈಗತಾನೇ ನೋಡಿದೆ ಎಂದು ಅವನು ಹೇಳಲಿಲ್ಲ. ಸಂತೋಷದಿಂದ ಮತ್ತೆ ಬ್ರಷ್ಷು ಹಿಡಿದ.

ಬಳೆ ಇನ್ನೂ ಅತ್ತೆಯ ಕೈಯಲ್ಲೇ ಇತ್ತು. ಮತ್ತೆ ತಮ್ಮ ಸ್ಟೂಲಿಗೆ ಬಂದು ಕೂತಿದ್ದ ಮಾವ ಎದ್ದು, ಹೆಂಡತಿಯ ಪಕ್ಕ ನಿಂತು, ಎಲ್ಲರಿಗೂ ಕೇಳಿಸುವಂತೆಯೇ ಕೇಳಿದರು.

“ನಂಗೂ ಒಂದ್ಸಲ ಕೊಡೇ.”

ಅತ್ತೆ ಗಂಡನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಾಟಲಿಯನ್ನು ತಾನೇ ಓರೆ ಮಾಡಿ ಹಿಡಿದು, ಬಳೆಯನ್ನು ಅವರ ಕೈಗಿಟ್ಟು, ನಿಧಾನಕ್ಕೆ ಊದಿ ಎಂದಳು.