ಎಂಟುನೂರು ಗ್ರಾಂ ಊಟ

ಮಾರುಕಟ್ಟೆಯಲ್ಲಿ ಆಕೆಯನ್ನು ಎಲ್ಲರೂ ತೂಕದಕ್ಕ ಎನ್ನುತ್ತಾರೆ. ಅಂಗಡಿಗಳ ತೂಕದ ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡುವುದು, ಸರಿಯಿದ್ದರೂ ವರ್ಷಕ್ಕೊಮ್ಮೆ ಪರೀಕ್ಷಿಸುವುದು ಆಕೆಯ ಕಸುಬು. ತಂದೆಯಿಂದ ಕಲಿತದ್ದು. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು, ಒಂದು ಗ್ರಾಂನಿಂದ ಹತ್ತು ಕಿಲೋವರೆಗೆ, ಒಂದೊಂದೂ ತನ್ನ ತನ್ನ ಗುಳಿಯಲ್ಲಿ. ಬೆರಳಿನ ಜಿಡ್ಡು ತಾಗಿದರೂ ತೂಕ ಕೆಡುತ್ತದೆ ಎಂದು ಅವನ್ನು ಆಕೆ ಕೈಗವಸು ಹಾಕಿಕೊಂಡೇ ಎತ್ತುತ್ತಾಳೆ. ಆಕೆಯ ಸ್ಕೂಟರ್ ತಿರುವಿನಲ್ಲಿ ಕಂಡರೆ ತರಕಾರಿಯವನು ಪಕ್ಕದವನಿಗೆ ಕೂಗಿ ಹೇಳುತ್ತಾನೆ: "ಅಕ್ಕ ಬಂದ್ರು ಕಣಯ್ಯಾ, ತಟ್ಟೆ ಮೇಲಿಂದ ಬೆರಳು ತೆಗಿ!"

ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ಇಲ್ಲಿ ಬರೆದಿರುವುದರಲ್ಲಿ ಕೆಲವು ಕಂಡದ್ದು, ಉಳಿದದ್ದು ಅಕ್ಕನೇ ಹೇಳಿದ್ದು.

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಐದು ವರ್ಷ, ಚಿಕ್ಕವಳಿಗೆ ಆಗ ಎರಡು ವರ್ಷ ಮೂರು ತಿಂಗಳು. ಗಂಡ ಶಾಲೆಯ ಬಸ್ಸಿನ ಡ್ರೈವರ್. ಆ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಹಾಲು, ಮೊಸರು, ಬೆಣ್ಣೆ, ಜೇನು ಕೂಡ ಇಲ್ಲ. ವೀಗನ್ ಎಂಬ ಪದ ಅಕ್ಕನಿಗೆ ಆಮೇಲೆ ಗೊತ್ತಾದದ್ದು. ಮೊದಲು ಆದದ್ದು ಇಷ್ಟು. ದೊಡ್ಡವಳು ಹೊಟ್ಟೆಯಲ್ಲಿದ್ದಾಗ ಒಂದು ಡೈರಿಯಿಂದ ಕರೆ ಬಂತು, ನೆಲದ ಮೇಲಿನ ದೊಡ್ಡ ತೂಕದ ಯಂತ್ರದಲ್ಲಿ ಅಂಕಿ ನಿಲ್ಲುತ್ತಿಲ್ಲ ಎಂದು. ಹೋಗಿ ನೋಡಿದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರ ಮೇಲೆ ಮೂರು ದಿನದ ಗಂಡು ಕರು ನಿಂತಿತ್ತು, ತೂಕಕ್ಕೆ ಮಾರಲು. ಕರು ನಡುಗುತ್ತಿತ್ತು, ಅದಕ್ಕೇ ಅಂಕಿಯೂ ನಡುಗುತ್ತಿತ್ತು. ಗೋಡೆಯಾಚೆ ತಾಯಿ ಕೂಗುತ್ತಿತ್ತು. ಅಂದು ಮನೆಗೆ ಬಂದು ಅಕ್ಕ ಲೋಟದ ಹಾಲನ್ನು ಮುಟ್ಟಲಿಲ್ಲ. ಗಂಡ ಎರಡು ದಿನ ನೋಡಿ, "ನೀನು ಬಿಟ್ಟ ಮೇಲೆ ನಾನೊಬ್ಬ ಕುಡಿದು ಏನು ಕಡಿದು ಕಟ್ಟೆ ಹಾಕ್ಲಿ?" ಎಂದು ತಾನೂ ಬಿಟ್ಟ.

ದೊಡ್ಡವಳು ಯಾವ ತೊಂದರೆಯೂ ಇಲ್ಲದೆ ಬೆಳೆದಳು. ಕೊಟ್ಟದ್ದನ್ನೆಲ್ಲ ತಿನ್ನುವ ಹುಡುಗಿ, ಅಕ್ಕಪಕ್ಕದ ಮನೆಯವರ ಕಡಲೆಬೀಜವನ್ನೂ ಬಿಡುತ್ತಿರಲಿಲ್ಲ. ಚಿಕ್ಕವಳ ವಿಷಯದಲ್ಲೇ ಅಕ್ಕನ ನಿದ್ದೆ ಹಾರಿಹೋದದ್ದು.

ಆ ತಿಂಗಳು ಮಕ್ಕಳ ಕ್ಲಿನಿಕ್ಕಿನಲ್ಲಿ ಸಿಸ್ಟರ್ ಚಿಕ್ಕವಳನ್ನು ತೂಗಿ, ಬೆಳವಣಿಗೆಯ ಕಾರ್ಡಿನಲ್ಲಿ ಒಂದು ಚುಕ್ಕೆ ಇಟ್ಟರು. ಒಂಬತ್ತು ಕಿಲೋ ನಾನೂರು. ನಾಲ್ಕು ತಿಂಗಳ ಹಿಂದೆಯೂ ಅಷ್ಟೇ. ಚುಕ್ಕೆಗಳು ಒಂದೇ ಮಟ್ಟದಲ್ಲಿ ಸಾಲಾಗಿ ಬಂದು, ಕೊನೆಯದು ಈಗ ಅಪಾಯದ ಕೆಂಪು ಗೆರೆಯ ಮೇಲೆ ಕುಳಿತಿತ್ತು.

"ಮಗು ಏರ್ತಾ ಇಲ್ಲ ನೋಡಿ," ಎಂದರು ಸಿಸ್ಟರ್. "ಮೂರು ವಾರ ಬಿಟ್ಟು ಬನ್ನಿ. ಆಗಲೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತಾರೆ ಡಾಕ್ಟ್ರು. ಮನೇಲಿ ಹಾಲು ಕೊಡಲ್ಲ ಅಂತಿದೆಯಲ್ಲ ಇಲ್ಲಿ?"

"ಅದು ಬಿಡಿ. ನಿಮ್ಮ ಮೆಷಿನ್ ಕೊನೇ ಸಲ ಯಾವಾಗ ಚೆಕ್ ಮಾಡ್ಸಿದ್ದು?"

"ಅಯ್ಯೋ, ಅದಕ್ಕೇನಾಗಿದೆ? ದಿನಕ್ಕೆ ನಲವತ್ತು ಮಕ್ಕಳು ಹತ್ತಿ ಇಳೀತಾರೆ. ಒಬ್ಬರೂ ಕೇಳಿಲ್ಲ ಈ ಮಾತು."

ಮನೆಯಲ್ಲಿ ಅತ್ತೆ ಕಾಯುತ್ತಾ ಕುಳಿತಿದ್ದರು. ಅವರ ಮನೆ ಹಿಂದಿನ ಬೀದಿಯಲ್ಲೇ. ಹಗಲು ಮಕ್ಕಳನ್ನು ನೋಡಿಕೊಳ್ಳುವವರು ಅವರೇ.

"ಎಷ್ಟಂತೆ?"

"ಅಷ್ಟೇ ಇದೆ ಅತ್ತೆ."

"ಇರದೆ ಏನು? ನೀರು ಕುಡಿಸಿ ಗಿಡ ಬೆಳೆಸಬಹುದು, ಮಗು ಬೆಳೆಸೋಕಾಗುತ್ತಾ? ಕರು ನೋಡಿ ಕಣ್ಣೀರಿಟ್ಟೆ, ಸರಿ. ಇದನ್ನ ನೋಡು, ತೋಳು ನೋಡು. ನನ್ನ ಹೆಬ್ಬೆರಳಿನಷ್ಟಿದೆ."

"ನಿಮ್ಮ ಹೆಬ್ಬೆರಳು ದಪ್ಪ," ಎಂದಳು ದೊಡ್ಡವಳು.

ರಾತ್ರಿಯೂಟದ ಹೊತ್ತಿಗೆ ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಮೂರು ವಾರ ನೋಡೋಣ. ಏರದಿದ್ರೆ ನಾನೇ ಹಾಲು ತರ್ತೀನಿ. ನೀನು ಬೇಜಾರು ಮಾಡ್ಕೊಂಡ್ರೂ ಸರಿ." ಆತ ಜಗಳವಾಡುವವನಲ್ಲ. ಅದಕ್ಕೇ ಆ ಮಾತು ಅಕ್ಕನ ಎದೆಗೆ ನಾಟಿತು.

ಮರುದಿನದಿಂದ ಅಕ್ಕ ತನಗೆ ಗೊತ್ತಿದ್ದ ದಾರಿ ಹಿಡಿದಳು. ಅಡುಗೆಮನೆಯ ಕಟ್ಟೆಗೆ ರಿಪೇರಿಗೆ ಬಂದು ಉಳಿದಿದ್ದ ಒಂದು ಸಣ್ಣ ಯಂತ್ರ ಬಂತು. ಚಿಕ್ಕವಳ ಬಟ್ಟಲು ಉಣಿಸುವ ಮೊದಲೊಮ್ಮೆ, ಉಂಡಮೇಲೊಮ್ಮೆ ಅದರ ಮೇಲೆ ಕೂರುತ್ತಿತ್ತು. ನಡುವಿನ ವ್ಯತ್ಯಾಸ ಮಗುವಿನ ಹೊಟ್ಟೆಗೆ ಹೋದದ್ದು. ಅತ್ತೆಗೂ ಹಾಗೇ ಮಾಡಲು ಕಲಿಸಿದಳು. ಮೊದಲ ದಿನ ಐನೂರ ಎಪ್ಪತ್ತು ಗ್ರಾಂ. ವಾರದ ಕೊನೆಗೆ ದಿನಕ್ಕೆ ಏಳುನೂರು. ಬೇಯಿಸಿ ಮಸೆದ ಕುಂಬಳಕಾಯಿ, ತೆಳ್ಳನೆಯ ಗಂಜಿ, ಕ್ಯಾರೆಟ್ ಸಾರು, ಕಿತ್ತಳೆ, ಕಲ್ಲಂಗಡಿ, ಸೌತೆಕಾಯಿಯ ಹೋಳು, ಸ್ವಲ್ಪ ಬೇಳೆ. ಬಾಯಿಗೆ ಮೆತ್ತಗಿದ್ದದ್ದು, ಮಗು ತಂಟೆಮಾಡದೆ ನುಂಗುವಂಥದ್ದು. ಹಾಲು-ಮಾಂಸ ಬಿಟ್ಟವರಿಗೆ ಬೇಕಾದ ಬಿ-ಹನ್ನೆರಡು ವಿಟಮಿನ್ ಹನಿಗಳನ್ನು ಮಗು ಹುಟ್ಟಿದಾಗಿನಿಂದ ಅಕ್ಕ ಒಂದು ದಿನವೂ ತಪ್ಪಿಸಿರಲಿಲ್ಲ.

ಎರಡನೇ ವಾರ ಅಂಕಿ ಎಂಟುನೂರು ದಾಟಿತು. ಮಗುವಿನ ಹೊಟ್ಟೆ ತಮಟೆಯಂತೆ ಬಿಗಿದುಕೊಳ್ಳುತ್ತಿತ್ತು. ಚಮಚ ಕಂಡರೆ ಮುಖ ತಿರುಗಿಸಿ, "ಬೇಡ, ತುಂಬ್ತು," ಎನ್ನುತ್ತಿದ್ದಳು. ಅಕ್ಕ ಹಾಡು ಹೇಳಿ, ಕಾಗೆ ತೋರಿಸಿ, ಇನ್ನೊಂದು, ಇನ್ನೊಂದೇ ಒಂದು ಎಂದು ತುರುಕುತ್ತಿದ್ದಳು. ಮೇಲಿನ ನನ್ನ ಕೋಣೆಗೂ ಆ "ಇನ್ನೊಂದೇ ಒಂದು" ಕೇಳಿಸುತ್ತಿತ್ತು. ಕೊನೆಕೊನೆಗೆ ಅದರಲ್ಲಿ ಹಾಡು ಹೋಗಿ ಬರೀ ಅವಸರ ಉಳಿದಿತ್ತು.

ಬೆಳಿಗ್ಗೆ ಮಗುವನ್ನು ತನ್ನ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ ಅಲ್ಲಿದ್ದ ಪಾರ್ಸೆಲ್ ತೂಗುವ ಯಂತ್ರದ ಮೇಲೆ ನಿಲ್ಲಿಸುವುದೂ ಶುರುವಾಯಿತು. ಅದೊಂದು ಹಿಂಸೆ. ಉಂಡ ಮೇಲೆ ಇನ್ನೂರು ಗ್ರಾಂ ಏರುತ್ತದೆ, ಬೆಳಗಾದರೆ ಇಳಿದಿರುತ್ತದೆ. ಏರಿದಾಗ ಅಕ್ಕನ ಮುಖ ಅರಳುತ್ತಿತ್ತು, ಇಳಿದಾಗ ಆ ದಿನ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದಳು. ಇನ್ನೂ ಒಂದು ಕಿರಿಕಿರಿಯಿತ್ತು. ಅಂಗಡಿಯ ಯಂತ್ರ ಯಾವತ್ತೂ ಒಂಬತ್ತು ಕಿಲೋ ನಾನೂರು ತೋರಿಸಲೇ ಇಲ್ಲ, ಅದಕ್ಕಿಂತ ಕಡಿಮೆಯೇ. ಪಾರ್ಸೆಲ್ ಯಂತ್ರ ಐವತ್ತು ಗ್ರಾಂಗೊಮ್ಮೆ ಜಿಗಿಯುವಂಥದ್ದು, ಅದನ್ನು ನಂಬುವಂತಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕ್ಲಿನಿಕ್ಕಿನದೇ ತಪ್ಪಾಗಿರಬೇಕು, ಮಗು ಹತ್ತು ಕಿಲೋ ಆದರೂ ಇರಬೇಕು, ಇಷ್ಟು ಉಣ್ಣುತ್ತಿರುವಾಗ ಹೇಗೆ ತಾನೇ ಏರದಿರುತ್ತದೆ ಎಂಬುದು ತಲೆ ಕೊರೆಯುತ್ತಿತ್ತು.

ಮೂರು ವಾರಕ್ಕೆ ಇನ್ನೂ ಎರಡು ದಿನ ಇರುವಾಗ, ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತು ನೋಡಿ, ಅಕ್ಕ ಪೆಟ್ಟಿಗೆ ಹೊತ್ತುಕೊಂಡು ಕ್ಲಿನಿಕ್ಕಿಗೆ ಹೋದಳು. ಚಿಕ್ಕವಳೂ ಸೊಂಟದ ಮೇಲಿದ್ದಳು. ದುಡ್ಡು ಬೇಡ, ಸುಮ್ಮನೆ ಒಂದು ಸಲ ನೋಡಿಕೊಡುತ್ತೇನೆ ಎಂದದ್ದಕ್ಕೆ ಸಿಸ್ಟರ್ ನಕ್ಕರು. "ನೋಡಿ ನೋಡಿ. ನಿಮಗೆ ಹೊಟ್ಟೆ ತಣ್ಣಗಾಗ್ಲಿ," ಎಂದು ಮಗುವನ್ನು ತಾವೆತ್ತಿಕೊಂಡು ಆಚೆ ಕೋಣೆಗೆ ಹೋದರು, ಗೊಂಬೆ ತೋರಿಸಲು.

ಅಕ್ಕ ಯಂತ್ರದ ಕಾಲುಗಳನ್ನು ತಿರುವಿ ಸಮಮಾಡಿದಳು. ಸೊನ್ನೆ ಬಂತು. ಕೈಗವಸು ಹಾಕಿಕೊಂಡು ಐದು ಕಿಲೋ ಬಟ್ಟು ಇಟ್ಟಳು. ಐದು ಕಿಲೋ ನೂರ ನಲವತ್ತು ಎಂದಿತು. ಹತ್ತು ಕಿಲೋ ಇಟ್ಟಳು. ಹತ್ತು ಕಿಲೋ ಇನ್ನೂರ ಎಪ್ಪತ್ತು.

ಯಂತ್ರ ತಪ್ಪೇ ಇತ್ತು. ಆದರೆ ಅದು ಹೆಚ್ಚು ತೋರಿಸುತ್ತಿತ್ತು.

ತಲೆಯಲ್ಲಿ ಲೆಕ್ಕ ತಾನಾಗಿಯೇ ಆಗಿಹೋಯಿತು. ಅಂದು ಒಂಬತ್ತು ನಾನೂರು ಎಂದದ್ದು ನಿಜಕ್ಕೂ ಒಂಬತ್ತು ಕಿಲೋ ನೂರೈವತ್ತು. ಮಗು ಕೆಂಪು ಗೆರೆಯ ಮೇಲೆ ಇರಲೇ ಇಲ್ಲ, ಕೆಳಗಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಗಳಿಗೆಯಲ್ಲಿ ಏನು ಅನ್ನಿಸಿತು ಎಂಬುದನ್ನು ಅಕ್ಕ ಮುಚ್ಚಿಡದೆ ಹೇಳಿದಳು. ಯಂತ್ರ ಸರಿಮಾಡದೆ ಮುಚ್ಚಿಟ್ಟು, ಎಲ್ಲ ಸರಿಯಿದೆ ಸಿಸ್ಟರ್ ಎಂದು ಎದ್ದು ಬಂದರೆ ಕೇಳುವವರು ಯಾರು? ನಾಡಿದ್ದು ಬರುವ ಮೊದಲು ಎರಡು ಲೋಟ ನೀರು ಕುಡಿಸಿದರೆ ಚುಕ್ಕೆ ಗೆರೆಯ ಮೇಲಕ್ಕೆ ಹೋಗುತ್ತದೆ. ಹಾಲು ಮನೆಗೆ ಬರುವುದಿಲ್ಲ. ಇನ್ನೊಂದು ತಿಂಗಳು ಸಿಗುತ್ತದೆ.

"ಒಂದು ನಿಮಿಷ ಹಾಗೇ ಕೂತಿದ್ದೆ ಕಣಪ್ಪಾ," ಎಂದಳು ನನಗೆ. "ಕಳ್ಳ ತಕ್ಕಡಿ ಇಟ್ಕೊಂಡೋರನ್ನ ಬೈದಿದ್ದೀನಿ, ಅಂಗಡಿಗೇ ಬೀಗ ಹಾಕ್ಸಿದ್ದೀನಿ. ಅವತ್ತು ನಾನೇ ಅವರ ಸಾಲಲ್ಲಿ ನಿಂತಿದ್ದೆ. ಅದೂ ಯಾರಿಗೆ ಮೋಸ? ನನ್ನ ಮಗೂಗೆ."

ಆಚೆ ಕೋಣೆಯಿಂದ ಚಿಕ್ಕವಳ ದನಿ ಕೇಳಿಸಿತು. ಸಿಸ್ಟರ್ ಏನೋ ಕೇಳುತ್ತಿದ್ದರು, ಮಗು "ಸಾಕು, ಸಾಕು" ಎನ್ನುತ್ತಿತ್ತು. ಗೊಂಬೆಗೆ ಊಟ ಮಾಡಿಸುವ ಆಟ. ಗೊಂಬೆಯ ಪರವಾಗಿ ಮಗು ಬೇಡ ಎನ್ನುತ್ತಿತ್ತು.

ಅಕ್ಕ ಯಂತ್ರದ ತಳ ಬಿಚ್ಚಿ, ಸರಿಪಡಿಸಿ, ಮತ್ತೆ ಬಟ್ಟು ಇಟ್ಟಳು. ಹತ್ತಕ್ಕೆ ಹತ್ತೇ ಬಂದ ಮೇಲೆ ಸಿಸ್ಟರನ್ನು ಕರೆದಳು.

"ಇದು ಹತ್ತು ಕಿಲೋಗೆ ಇನ್ನೂರ ಎಪ್ಪತ್ತು ಗ್ರಾಂ ಜಾಸ್ತಿ ತೋರಿಸ್ತಿತ್ತು. ಎಷ್ಟು ದಿನದಿಂದಲೋ ಗೊತ್ತಿಲ್ಲ. ಗೆರೆ ಹತ್ರ ಇರೋ ಮಕ್ಕಳನ್ನೆಲ್ಲ ಇನ್ನೊಂದು ಸಲ ಕರೆಸಿ ಸಿಸ್ಟರ್. ಮೊದಲು ನನ್ನ ಮಗಳನ್ನ ತೂಗಿ."

ಒಂಬತ್ತು ಕಿಲೋ ನೂರೈವತ್ತು. ಮೂರು ವಾರದ ಅಷ್ಟೂ ತುರುಕಾಟದಿಂದ ಒಂದು ಹಿಡಿಯೂ ಏರಿರಲಿಲ್ಲ. ಸಿಸ್ಟರ್ ಈ ಸಲ ನಗಲಿಲ್ಲ. ನೇರ ಡಾಕ್ಟರ ಬಳಿ ಕಳಿಸಿದರು.

ಡಾಕ್ಟರು ವಯಸ್ಸಾದವರು, ನಿಧಾನಿ. ಮಗುವಿನ ಕಣ್ಣ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದು, "ದಿನಾ ಏನು ಕೊಡ್ತೀರಮ್ಮ?" ಎಂದರು.

ಅಕ್ಕನಿಗೆ ಇದೊಂದರಲ್ಲಿ ಧೈರ್ಯವಿತ್ತು. "ಎಂಟುನೂರು ಗ್ರಾಂ ಡಾಕ್ಟ್ರೇ. ಎಂಟುನೂರ ಇಪ್ಪತ್ತೂ ಆಗಿದೆ. ತೂಗಿಯೇ ಕೊಡೋದು."

"ಎಂಟುನೂರು ಗ್ರಾಂ ಏನು?"

ಅಕ್ಕ ಒಂದೊಂದಾಗಿ ಹೇಳಿದಳು. ಕುಂಬಳ ಇನ್ನೂರು. ಕಲ್ಲಂಗಡಿ ನೂರೈವತ್ತು. ಗಂಜಿ ಇನ್ನೂರು. ಸೌತೆ, ಕಿತ್ತಳೆ, ಸಾರು. ಡಾಕ್ಟರು ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಇದರಲ್ಲಿ ನೀರೆಷ್ಟಮ್ಮ?"

ಅಕ್ಕ ಬೆರಳು ಮಡಿಸಿ ಎಣಿಸಲು ಶುರುಮಾಡಿ, ಕುಂಬಳಕ್ಕೇ ನಿಂತಳು.

"ನೀವು ಹೊಟ್ಟೆ ತುಂಬಿಸಿದ್ದೀರಿ. ಈ ವಯಸ್ಸಲ್ಲಿ ಹೊಟ್ಟೆ ಇಷ್ಟೇ ಇಷ್ಟು," ಎಂದು ಮಗುವಿನ ಮುಷ್ಟಿ ಹಿಡಿದು ತೋರಿಸಿದರು. "ಅದಕ್ಕೆ ತರಕಾರಿ ನೀರು ತುಂಬಿದ್ರೆ ಶಕ್ತಿ ಕೊಡೋದಕ್ಕೆ ಜಾಗ ಎಲ್ಲಿದೆ? ಒಂದು ದೊಡ್ಡ ಚಮಚ ಕಡಲೆಬೀಜದ ಪೇಸ್ಟು, ನೀವು ಕೊಡೋ ಕುಂಬಳಕಾಯಲ್ಲಿ ಹೆಚ್ಚುಕಮ್ಮಿ ನಾನೂರು ಗ್ರಾಂಗೆ ಸಮ. ತೂಕದಲ್ಲಲ್ಲ, ಶಕ್ತೀಲಿ."

ಎಲ್ಲವನ್ನೂ ತೂಗುವ ಹೆಂಗಸು ತೂಗಬಾರದ್ದನ್ನು ತೂಗಿದ್ದಳು. ಬೇರೆ ತಾಯಿಯಾಗಿದ್ದರೆ ಮಗು ಸಾಕು ಎಂದಾಗ ಸಾಕು ಎನ್ನುತ್ತಿದ್ದಳೋ ಏನೋ. ಅಕ್ಕ ಅಂಕಿಯನ್ನು ನಂಬಿದ್ದಳು, ಅಂಕಿ ಸುಳ್ಳೂ ಆಗಿರಲಿಲ್ಲ.

"ಹಾಲು ಕೊಟ್ರೆ ಸುಲಭ," ಎಂದರು ಡಾಕ್ಟರು. "ಕೊಡದೆಯೂ ಬೆಳೆಸಬಹುದು, ಬೆಳೆಸಿರೋರನ್ನ ನೋಡಿದ್ದೀನಿ. ಆದ್ರೆ ಕಣ್ಣಲ್ಲಿ ಕಣ್ಣಿಟ್ಟು ಮಾಡ್ಬೇಕು. ಗಂಜಿ ಗಟ್ಟಿ ಮಾಡಿ, ಎಣ್ಣೆ ಹಾಕಿ. ಕಡಲೆಬೀಜ, ಎಳ್ಳು ನುಣ್ಣಗೆ ಅರೆದು ಕೊಡಿ, ಇಡಿ ಕಾಳು ಬೇಡ, ಗಂಟಲಲ್ಲಿ ಸಿಕ್ಕುತ್ತೆ. ಬೇಳೆ ಜಾಸ್ತಿ. ಸೋಯಾ ಹಾಲು, ಸುಣ್ಣದಂಶ ಸೇರಿಸಿರೋದು. ನಾಲ್ಕು ವಾರ. ಆಗಲೂ ಏರದಿದ್ರೆ ನಾನು ನಿಮ್ಮ ಮಾತು ಕೇಳಲ್ಲ."

"ಏರದಿದ್ರೆ ಹಾಲು ಕೊಡ್ತೀನಿ ಡಾಕ್ಟ್ರೇ," ಎಂದಳು ಅಕ್ಕ. "ಯಾರೂ ತರೋದು ಬೇಡ. ನಾನೇ ತಂದು ಕೊಡ್ತೀನಿ."

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಗಂಡ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ. ಅತ್ತೆ ಬಯ್ಯುತ್ತಾರೆಂದುಕೊಂಡು ಅಕ್ಕ ಅವರ ಮುಖ ನೋಡದೆ, ಇಷ್ಟು ದಿನ ಕೇಳಲು ಹೆದರಿದ್ದ ಪ್ರಶ್ನೆ ಕೇಳಿಬಿಟ್ಟಳು.

"ಅತ್ತೆ, ನೀವು ಇವಳಿಗೆ ಯಾವತ್ತಾದರೂ ಹಾಲು ಕುಡಿಸಿದ್ದೀರಾ? ಬೈಯಲ್ಲ. ಡಾಕ್ಟ್ರಿಗೆ ಗೊತ್ತಿರಬೇಕು."

"ನಿನ್ನ ಕಣ್ಣು ತಪ್ಪಿಸಿ ಒಂದು ಲೋಟ ಕುಡಿಸೋದು ನನಗೇನು ದೊಡ್ಡ ಕೆಲಸವಾ?" ಎಂದರು ಅತ್ತೆ. "ದಿನವಿಡೀ ನನ್ನ ಕೈಲೇ ಇರುತ್ತೆ ಮಗು. ಎಷ್ಟು ಸಲ ಲೋಟಕ್ಕೆ ಬಗ್ಗಿಸಿದ್ದೀನಿ ನಮ್ಮನೇಲಿ. ಕುಡಿಸಿಲ್ಲ. ಕುಡಿಸಿದ್ರೆ ನಾಳೆ ನೀನು ನನ್ನ ಹತ್ರ ಮಗು ಬಿಡ್ತಿದ್ಯಾ?" ಆಮೇಲೆ ದನಿ ತಗ್ಗಿಸಿ, "ಕಡಲೆಬೀಜ ಹುರೀಬೇಕಾ, ಹಸೀದೇ ಅರೀಬೇಕಾ? ಅದನ್ನಾದರೂ ಸರಿಯಾಗಿ ಕೇಳ್ಕೊಂಡು ಬಂದ್ಯಾ?"

"ಹುರಿದು ಅತ್ತೆ."

"ಹಾಗಾದ್ರೆ ಬಾಣಲೆ ತೆಗಿ. ನಿಂತು ನೋಡ್ತೀಯಲ್ಲ."

ಆ ನಾಲ್ಕು ವಾರ ಸುಖವಾಗಿ ಕಳೆಯಲಿಲ್ಲ. ಬಟ್ಟಲುಗಳು ಚಿಕ್ಕವಾದವು, ಅದೇ ಅಕ್ಕನಿಗೆ ಭಯ. ಇಷ್ಟೇನಾ, ಇಷ್ಟಕ್ಕೇ ಏಳುತ್ತಾಳಾ ಎಂದು ಮಗುವಿನ ಹಿಂದೆ ಹಿಂದೆ ತಿರುಗುವಳು. ಮೊದಲ ವಾರ ಎಳ್ಳಿನ ಪೇಸ್ಟನ್ನು ಮಗು ಗೋಡೆಗೆ ಬಳಿಯಿತು. ರಕ್ತದಲ್ಲಿ ಕಬ್ಬಿಣ ಕಡಿಮೆ ಎಂದು ವರದಿ ಬಂತು, ಸಿರಪ್ ಶುರುವಾಯಿತು, ಅದರಿಂದ ಮಲ ಕಪ್ಪಾಗಿ ಅಕ್ಕ ಇನ್ನೊಮ್ಮೆ ಬೆದರಿ ಕ್ಲಿನಿಕ್ಕಿಗೆ ಓಡಿದಳು. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಚಿಕ್ಕವಳು ತಾನಾಗಿ ಅಡುಗೆಮನೆಗೆ ಬಂದು, "ಹಸೀತು" ಎಂದಳು. ಈ ಮಾತು ಅವಳ ಬಾಯಲ್ಲಿ ಮೊದಲ ಸಲ. ಹಸಿಯಲು ಅವಳಿಗೆ ಯಾರೂ ಬಿಟ್ಟೇ ಇರಲಿಲ್ಲ.

ನಾಲ್ಕು ವಾರದ ದಿನ ಇಡೀ ಮನೆ ಕ್ಲಿನಿಕ್ಕಿಗೆ ಹೊರಟಿತು. ಗಂಡ ರಜೆ ಹಾಕಿದ್ದ. ಸಿಸ್ಟರ್ ಮಗುವನ್ನು ನಿಲ್ಲಿಸಿದರು. ಅಕ್ಕ ಅಂಕಿಯನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದಳು.

"ಒಂಬತ್ತು ಕಿಲೋ ನಾನೂರ ಮೂವತ್ತು," ಎಂದರು ಸಿಸ್ಟರ್.

ಡಾಕ್ಟರು ಕಾರ್ಡಿನಲ್ಲಿ ಚುಕ್ಕೆ ಇಟ್ಟರು. ಅದು ಇನ್ನೂ ಕೆಂಪು ಗೆರೆಯ ಕೆಳಗೇ ಇತ್ತು, ಆದರೆ ಹಿಂದಿನದಕ್ಕಿಂತ ಮೇಲೆ. "ಸಾಲದು," ಎಂದರು. "ಆದ್ರೆ ಏರ್ತಾ ಇದೆ. ಹೀಗೇ ನಡೀಲಿ. ಮುಂದಿನ ತಿಂಗಳು ಮತ್ತೆ ರಕ್ತ ನೋಡೋಣ."

"ಹಾಲು?" ಎಂದ ಗಂಡ.

"ಸದ್ಯಕ್ಕೆ ಬೇಡ. ಸದ್ಯಕ್ಕೆ, ಅಂದೆ."

ಅಕ್ಕ ಚಿಕ್ಕವಳಿಗೆ ಚಪ್ಪಲಿ ತೊಡಿಸಲು ನೆಲಕ್ಕೆ ಕುಳಿತಳು. ಪಟ್ಟಿ ಎರಡು ಸಲ ತಪ್ಪಿಹೋಯಿತು. ಅತ್ತೆ ಬಗ್ಗಿ ಸಿಕ್ಕಿಸಿದರು. ಅಷ್ಟರಲ್ಲಿ ಅಕ್ಕ ತಲೆಯೆತ್ತಿ ಸಿಸ್ಟರನ್ನು ಕೇಳುತ್ತಿದ್ದಳು: "ಮುಂದಿನ ತಿಂಗಳು ಅಂದ್ರೆ ಯಾವ ತಾರೀಕು? ಒಂದು ವಾರ ಮೊದಲೇ ಬಂದ್ರೆ ನೋಡ್ತೀರಾ?"