ದೀಪ ಹಚ್ಚಿದ ಮೇಲೆ ಕೊಟ್ಟ ಕರೆಂಟು

ನಮ್ಮ ಕೆಳಮನೆಯ ಕಮಲಿನಿ ಅಕ್ಕ ದೀಪ ಹಚ್ಚಿದ ಮೇಲೆ ಯಾರಿಗೂ ಏನೂ ಕೊಡುವುದಿಲ್ಲ. ಉಪ್ಪು ಕೇಳಿದರೂ ಇಲ್ಲ, ಹೆಪ್ಪು ಕೇಳಿದರೂ ಇಲ್ಲ. ಕಂಬೈನಲ್ಲೂರಿನ ಅವರ ತವರಲ್ಲಿ ಎಲ್ಲರೂ ಪಾಲಿಸುವ ಶಾಸ್ತ್ರವೇ ಅದು, ಆದರೆ ಅಕ್ಕನ ಹಟ ಬೇರೆ. ಮೂವತ್ತು ವರ್ಷದ ಹಿಂದೆ ಒಂದು ಮುಸ್ಸಂಜೆ ಪಕ್ಕದ ಮನೆಯವರಿಗೆ ಹೆಪ್ಪು ಕೊಟ್ಟರು. ಬೆಳಗಾಗುವಷ್ಟರಲ್ಲಿ ಯಜಮಾನರು ಎದೆನೋವಿನಿಂದ ತೀರಿಕೊಂಡರು. ತಾನು ಕೊಟ್ಟದ್ದರಿಂದಲೇ ಹೀಗಾಯಿತು ಎಂದು ಅಕ್ಕ ನಂಬಿಬಿಟ್ಟರು. ಕೈಗೂಸಾಗಿದ್ದ ಸಮೀರನನ್ನು ಆ ಭಯದಲ್ಲೇ ಬೆಳೆಸಿದರು. ಸೇಲಂನ ವಿಮಾ ಕಚೇರಿಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಡ್ರೈವಿಂಗ್ ಕಲಿತು, ಎಲೆಕ್ಟ್ರಿಕ್ ಕಾರು ಕೊಂಡ ಗಟ್ಟಿಗಿತ್ತಿ. ಇಂಥವರಿಗೂ ಹೆಪ್ಪಿನ ಭಯವೆಂದರೆ ನನಗೆ ಮೈ ಉರಿಯುತ್ತಿತ್ತು!

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನವರು ಹೊಗೆ ಕಾರುವ ಜನರೇಟರ್ ಮಾರಿ ಹೊಸ ಏರ್ಪಾಟು ಮಾಡಿದರು. ಮಧ್ಯಾಹ್ನ ತಾರಸಿಯ ಸೋಲಾರ್ ಕರೆಂಟನ್ನು ನಿಂತ ಕಾರುಗಳಿಗೆ ತುಂಬುವುದು. ಸಂಜೆ ಎಲ್ಲರೂ ಒಟ್ಟಿಗೆ ಎಸಿ ಹಾಕಿದಾಗ, ಕರೆಂಟು ಹೋದಾಗ, ಅದೇ ಕಾರುಗಳಿಂದ ಲಿಫ್ಟಿಗೂ ಪಂಪಿಗೂ ವಾಪಸು ತೆಗೆಯುವುದು. ಲೆಕ್ಕವೆಲ್ಲ ಕಂಪ್ಯೂಟರಿನದು. ಅಕ್ಕ ಮಾತ್ರ ಸಂಜೆಯಾದ ಕೂಡಲೇ ಕಾರಿನ ವಯರು ಕಿತ್ತು ಸುತ್ತಿಡುತ್ತಿದ್ದರು.

"ಮದ್ಯಾನ ಎಷ್ಟಾರ ತಗಳ್ರಪ್ಪ, ಬ್ಯಾಡ ಅಂದ್ನಾ? ದೀಪ ಅಚ್ಚಿದ್ ಮ್ಯಾಲೆ ಕೊಡಕ್ಕಿಲ್ಲ. ನಂಗಿರೋನು ಒಬ್ನೇ ಮಗ," ಎಂದರು ಸೆಕ್ರೆಟರಿ ಗುರುಚರಣನಿಗೆ.

"ಕರೆಂಟೇನು ಮೊಸರಾ ಅಕ್ಕ?" ಎಂದು ನಾನು ರೇಗಿದೆ.

"ನಿಂಗೇನ್ ಗೊತ್ತು ಮಾಲತಿ, ಸುಮ್ಕಿರು."

ತಮಿಳರ ಆಷಾಢವಾದ ಆಡಿ ತಿಂಗಳ ಒಂದು ಶುಕ್ರವಾರ ಉಳಿದವರ ಕಾರುಗಳೆಲ್ಲ ಮಾರಿಯಮ್ಮನ ಗುಡಿಗೆ ಹೋಗಿದ್ದವು. ಸರಿಯಾಗಿ ಸಂಜೆಗೆ ಕರೆಂಟು ಹೋಯಿತು. ನಾಲ್ಕನೇ ಮಹಡಿಯ ಕಲೈಸೆಲ್ವಿ ಎಳೆಮಗುವಿನೊಂದಿಗೆ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಲಿಫ್ಟಿನ ಸ್ವಂತ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ಹೇಳುವವರು ಕೇಳುವವರು ಇಲ್ಲ.

"ಅಕ್ಕಾ, ಕೊಳಂದೆ ಅಳುದು ಅಕ್ಕಾ, ಸೀಕ್ರಂ!" ಎಂದು ಮಗು ಅಳುತ್ತಿದೆ, ಬೇಗ ಬನ್ನಿ ಅಂತ ಒಳಗಿನಿಂದ ತಮಿಳಿನಲ್ಲಿ ಕೂಗುತ್ತಿದ್ದಳು. ಮಗು ಉಸಿರು ಕಟ್ಟಿ ಅಳುತ್ತಿತ್ತು.

ಕಮಲಿನಿ ಅಕ್ಕ ಆಗತಾನೇ ದೀಪ ಹಚ್ಚಿ ಹೊರಗೆ ಬಂದಿದ್ದರು. ನಿಂತಿದ್ದದ್ದು ಅವರದೊಂದೇ ಕಾರು. ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ ಸ್ವಾಮಿ, ನನ್ ಮಗನ್ನ ನೀನೇ ನೋಡ್ಕೊ," ಎನ್ನುತ್ತ ಓಡಿಹೋಗಿ ವಯರು ಚುಚ್ಚಿದರು.

ಲಿಫ್ಟು ಗುರ್ ಎಂದು ಇಳಿಯಿತು. ಕಲೈಸೆಲ್ವಿ ಬಂದು ತಬ್ಬಿಕೊಂಡರೆ ಅಕ್ಕನಿಗೆ ಅದರ ಪರಿವೆಯೇ ಇಲ್ಲ. ತಾರಮಂಗಲದಲ್ಲಿ ಮೇಷ್ಟರಾಗಿರುವ ಸಮೀರನಿಗೆ ಫೋನ್ ಮಾಡುತ್ತಿದ್ದರು. ಅವನು ಚೆನ್ನಾಗಿದ್ದ. ಆದರೂ ಬೆಳಗಾಗಲಿ ಎಂದು ಕಾದರು, ಪಾಪ.

ಬೆಳಿಗ್ಗೆ ನಾನು ಹಾಲು ತರಲು ಕೆಳಗಿಳಿದಾಗ ಮತ್ತೆ ಫೋನ್ ಹಿಡಿದಿದ್ದರು.

"ಎತ್ತನೆ ತಡವೆ ಕೇಳ್ತೀಯಮ್ಮ? ಚೆನ್ನಾಗೇ ಇವ್ನಿ," ಎಂದು ಸಮೀರ, ಎಷ್ಟು ಸಲ ಕೇಳುವುದು ಎನ್ನುವಂತೆ, ನಗುತ್ತಿದ್ದುದು ನನಗೂ ಕೇಳಿಸಿತು.

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಖುಷಿಪಡುತ್ತಾರೆ ಎಂದುಕೊಂಡರೆ ಬಿಕ್ಕಿಬಿಕ್ಕಿ ಅಳತೊಡಗಿದರು.

"ಇವ್ನಿಗೇನೂ ಆಗ್ಲಿಲ್ಲ ಕಣೆ ಮಾಲತಿ. ಅಂಗಾರೆ ಅವ್ರು ಓಗಿದ್ದು ನಾನ್ ಕೊಟ್ಟಿದ್ದಕ್ಕಲ್ಲ, ಅಲ್ವಾ?"

"ಅಲ್ಲ ಅಕ್ಕ, ಅಲ್ಲವೇ ಅಲ್ಲ," ಎಂದೆ. ಪಕ್ಕದಲ್ಲೇ ಕೂತು ಅವರ ಕೈ ಹಿಡಿದುಕೊಂಡೆ.